‘ಈ ಸಲ ಬೇಡ’ ಅನ್ನುವ ಹಕ್ಕು

ದಾವಣಗೆರೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಇಪ್ಪತ್ತೈದು ವರ್ಷದಿಂದ ಅವರದು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಜೋಡಿಸುವ ಕೆಲಸ. ಜಾಸ್ತಿ ಬರುವುದು ಲಗ್ನಪತ್ರಿಕೆ, ನಡುವೆ ಪುಸ್ತಕದ ಪುಟವಿನ್ಯಾಸ. ಮಗ ಹೇಳಿದನೆಂದು ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್ ಬಿಟ್ಟು, ತಿಂಗಳ ಚಂದಾದ ಸಾಫ್ಟ್‌ವೇರ್ ಹಾಕಿಸಿಕೊಂಡರು. ಆಷಾಢದಲ್ಲಿ ಮದುವೆ ಇಲ್ಲ, ಕೆಲಸ ಇಲ್ಲ, ಚಂದಾ ಕಟ್ಟಲಿಲ್ಲ. ಶ್ರಾವಣದಲ್ಲಿ ಹಳೇ ಗಿರಾಕಿ ಬಂದು, ಹೋದ ವರ್ಷ ದೊಡ್ಡ ಮಗಳಿಗೆ ಮಾಡಿದ ಪತ್ರಿಕೆಯನ್ನೇ ಚಿಕ್ಕವಳಿಗೂ ಮಾಡಿಕೊಡಿ ಅಂದರು. ಫೈಲ್ ಕಣ್ಣೆದುರೇ ಇದೆ, ತೆರೆಯುವುದಿಲ್ಲ. “ನಾನು ಮಾಡಿದ ಕೆಲಸ ನೋಡೋಕೆ ನಾನೇ ದುಡ್ಡು ಕೊಡಬೇಕಾ? ಇಷ್ಟು ಕೊಟ್ಟರೂ ಹೊಸದೇನು ಕೊಟ್ಟಿದ್ದಾರೆ?” ಇದು ಅವರ ಪ್ರಶ್ನೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಬರೆದ ಕಂಪನಿಯ ಹೆಸರು ಇಲ್ಲಿ ಬೇಡ. ನಮ್ಮ ಕಚೇರಿಯಲ್ಲೂ ಹೀಗೇ ಆಗಿದೆ. ಹಳೆಯ ವಿಶೇಷಾಂಕದ ಒಂದೇ ಒಂದು ಚಿತ್ರ ಬೇಕಿತ್ತು. ಚಂದಾ ಮುಗಿದು ವಾರವಾಗಿತ್ತು. ಆ ಒಂದು ಚಿತ್ರಕ್ಕಾಗಿ ಇಡೀ ತಿಂಗಳ ದುಡ್ಡು ಕಟ್ಟಿದೆವು. ಅವತ್ತು ಬಂದ ಸಿಟ್ಟು ಇನ್ನೂ ಆರಿಲ್ಲ.

ನಿಮ್ಮ ಎರಡನೇ ಪ್ರಶ್ನೆಯೇ ದೊಡ್ಡದು. ಚಂದಾ ಬಂದ ಮೇಲೆ ಸಾಫ್ಟ್‌ವೇರ್ ಯಾಕೆ ಬೆಳೆಯುತ್ತಿಲ್ಲ ಅನ್ನಿಸುತ್ತದೆ? ಹಿಂದೆ ಸಿ.ಡಿ. ಕೊಂಡರೆ ಅದು ನಮ್ಮದಾಗುತ್ತಿತ್ತು. ಹೊಸ ಆವೃತ್ತಿ ಬಂದಾಗ ನೋಡಿ, ಇಷ್ಟವಾದರೆ ತಗೊಳ್ಳುತ್ತಿದ್ದೆವು. ಇಲ್ಲವಾದರೆ ‘ಈ ಸಲ ಬೇಡ’ ಅಂದು ಹಳೆಯದರಲ್ಲೇ ಕೆಲಸ ಮಾಡುತ್ತಿದ್ದೆವು. ಆ ‘ಬೇಡ’ಕ್ಕೆ ಕಂಪನಿಗಳು ಹೆದರುತ್ತಿದ್ದವು. ಜನ ಕೈಬಿಚ್ಚಿ ದುಡ್ಡು ಕೊಡುವಂಥದ್ದನ್ನು ಹೊಸ ಆವೃತ್ತಿಯಲ್ಲಿ ಕೊಡಲೇಬೇಕಿತ್ತು. ಉದಾಹರಣೆಗೆ, ಫೋಟೊಶಾಪ್ ಮಾಡುವ ಅಡೋಬಿ ಕಂಪನಿ 2012ರಲ್ಲಿ ತನ್ನ ಸಾಫ್ಟ್‌ವೇರ್‌ಗಳ ಕಟ್ಟು ಕ್ರಿಯೇಟಿವ್ ಸೂಟ್ 6 ತಂದಿತು, ಅದನ್ನು ಕೊಂಡು ಇಟ್ಟುಕೊಳ್ಳಬಹುದಿತ್ತು. 2013ರ ಮೇ ತಿಂಗಳಲ್ಲಿ, ಇನ್ನು ಮುಂದೆ ಹೊಸದೆಲ್ಲ ಚಂದಾದಲ್ಲೇ ಎಂದಿತು. ಚಂದಾಕ್ಕೆ ಸೇರಿದ ಮೇಲೆ ಬೇಡ ಅಂದರೆ ಹೊಸದೂ ಇಲ್ಲ, ಕೈಯಲ್ಲಿದ್ದದ್ದೂ ಇಲ್ಲ. ಗಿರಾಕಿಯನ್ನು ಒಲಿಸಿಕೊಳ್ಳುವ ಅಗತ್ಯವೇ ಅರ್ಧ ಹೋಯಿತು. ನಾವು ಕಳೆದುಕೊಂಡಿದ್ದರಲ್ಲಿ ದುಡ್ಡಿಗಿಂತ ದೊಡ್ಡದು ಆ ‘ಬೇಡ’.

ಇನ್ನೊಂದು ಅಂಗಡಿಗೆ ಹೋಗೋಣ ಅಂದರೆ ಆ ಅಂಗಡಿಗಳೂ ಕಡಿಮೆಯಾದವು. ಫ್ರೀಹ್ಯಾಂಡ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್ ನಿಮಗೆ ನೆನಪಿರಬಹುದು. ಅದನ್ನು ಮಾಡುತ್ತಿದ್ದ ಮ್ಯಾಕ್ರೊಮೀಡಿಯವನ್ನು ಅಡೋಬಿ 2005ರಲ್ಲಿ ಕೊಂಡಿತು. 2007ರಲ್ಲಿ, ಇನ್ನು ಅದನ್ನು ಬೆಳೆಸುವುದಿಲ್ಲ ಎಂದಿತು. 2022ರಲ್ಲಿ 2,000 ಕೋಟಿ ಡಾಲರ್‌ಗೆ ಫಿಗ್ಮಾ ಅನ್ನುವ ಇನ್ನೊಂದು ವಿನ್ಯಾಸದ ಸಾಫ್ಟ್‌ವೇರ್ ಕಂಪನಿಯನ್ನು ಕೊಳ್ಳಲು ಹೊರಟಿತ್ತು. ಯುರೋಪು, ಬ್ರಿಟನ್ನಿನ ಅಧಿಕಾರಿಗಳು ಆಕ್ಷೇಪ ಎತ್ತಿದ ಮೇಲೆ 2023ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು.

ಒಂದು ಮಾತು ನಾವೂ ಒಪ್ಪಿಕೊಳ್ಳಬೇಕು. ಸಿ.ಡಿ. ಕಾಲದಲ್ಲಿ ನಮ್ಮ ಮುದ್ರಣದ ಬೀದಿಗಳಲ್ಲಿ ದುಡ್ಡು ಕೊಟ್ಟು ಕೊಂಡವರು ಎಷ್ಟು ಜನ? ಒಂದು ಸಿ.ಡಿ. ಹತ್ತು ಅಂಗಡಿ ಸುತ್ತುತ್ತಿತ್ತು. ಸಾಫ್ಟ್‌ವೇರ್ ಬರೆಯುವವರೂ ಸಂಬಳದ ಮೇಲೆ ಬದುಕುವವರು. ದುಡ್ಡು ಕೇಳುವುದು ತಪ್ಪಲ್ಲ. ನಾವು ದುಡಿದು ಮಾಡಿದ ಫೈಲಿಗೆ ಬೀಗ ಹಾಕಿ ಕೇಳುವುದು ತಪ್ಪು.

ಹಾಗಂತ ವಾಪಸ್ ಪೇಜ್‌ಮೇಕರ್‌ಗೆ ಹೋಗುತ್ತೇನೆ ಎಂದು ಬರೆದಿದ್ದೀರಿ. ದಯವಿಟ್ಟು ಬೇಡ. ಅದರ ಕೊನೆಯ ಆವೃತ್ತಿ 7.0 ಬಂದಿದ್ದು 2001ರಲ್ಲಿ. ಅದಕ್ಕೆ ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಗೊತ್ತಿಲ್ಲ. ಅದರಲ್ಲಿ ಕನ್ನಡ ಅಂದರೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂರಿಸಿದ ಚೂರುಗಳು. ತಲೆಕಟ್ಟು ಒಂದು ಚೂರು, ಒತ್ತು ಇನ್ನೊಂದು. ಸಾಲು ಮುರಿದಾಗ ಅಕ್ಷರ ಈ ಸಾಲಲ್ಲಿ, ಅದರ ಒತ್ತು ಮುಂದಿನ ಸಾಲಲ್ಲಿ ಬಿದ್ದಿದ್ದನ್ನು ನೀವು ಎಷ್ಟು ಸಲ ಕೈಯಾರೆ ಸರಿಮಾಡಿಲ್ಲ? ಫಾಂಟ್ ಬದಲಾಯಿಸಿದರೆ ಇಡೀ ಪುಸ್ತಕ ಗೀಚಿದ ಹಾಗಾಗುತ್ತದೆ. ಅದೂ ಒಂದು ಬೀಗವೇ, ಬಾಡಿಗೆ ಇಲ್ಲ ಅಷ್ಟೇ.

ಹೊಸ ಸಾಫ್ಟ್‌ವೇರ್‌ನಲ್ಲೂ ಒತ್ತಕ್ಷರ ಒಡೆಯುತ್ತದೆ ಎಂದಿದ್ದೀರಿ. ‘ಅಮ್ಮ’ ಅನ್ನುವಲ್ಲಿ ಎರಡು ಮ, ನಡುವೆ ಒಂದು ಅರ್ಧಾಕ್ಷರದ ಗುರುತು ಬಂದರೆ, ಅಕ್ಷರ ಜೋಡಿಸುವ ಎಂಜಿನ್ ಕನ್ನಡವನ್ನು ಕನ್ನಡವಾಗಿ ನೋಡುತ್ತಿಲ್ಲ ಎಂದರ್ಥ. ಅಡೋಬಿಯ ಪುಟವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಾದರೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ‘ವರ್ಲ್ಡ್ ರೆಡಿ’ ಕಂಪೋಸರ್ ಆರಿಸಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ‘ಕನ್ನಡ ಬರಲ್ಲ’ ಅಂದುಕೊಂಡು ಬಿಟ್ಟಿದ್ದಾರೆ. ತಿಂಗಳಾ ದುಡ್ಡು ತಗೊಂಡೂ ಕನ್ನಡವನ್ನು ಮೆನುವಿನ ಮೂಲೆಯಲ್ಲಿ ಇಡುವುದು ನನಗೆ ನಿಜಕ್ಕೂ ನೋವಿನ ವಿಷಯ.

ಹಾಗಾದರೆ ಮಾಡುವುದೇನು? ಸ್ಕ್ರೈಬಸ್ ಒಮ್ಮೆ ಹಾಕಿ ನೋಡಿ. ಜನ ಸೇರಿ ಬೆಳೆಸಿದ ಪುಟವಿನ್ಯಾಸದ ಮುಕ್ತ ಸಾಫ್ಟ್‌ವೇರ್, ಪುಕ್ಕಟೆ. 1.6 ಆವೃತ್ತಿಯಲ್ಲಿ ಯುನಿಕೋಡ್ ಕನ್ನಡದ ಒತ್ತಕ್ಷರ ಕೂರುತ್ತದೆ. ಕೈ ಪಳಗಲು ಒಂದೆರಡು ತಿಂಗಳು ಬೇಕು, ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಹೂಬಳ್ಳಿ, ಗಣಪತಿಯ ಚಿತ್ರಕ್ಕೆ ಇಂಕ್‌ಸ್ಕೇಪ್ ಸಾಕು, ಅದೂ ಮುಕ್ತ ಸಾಫ್ಟ್‌ವೇರೇ. ಯಾವುದೇ ಸಾಫ್ಟ್‌ವೇರ್ ನೋಡುವಾಗ ಮೊದಲು ‘ಲಕ್ಷ್ಮಿ’, ‘ರಾಷ್ಟ್ರ’, ‘ಸ್ತ್ರೀ’, ‘ಅರ್ಕಾವತಿ’ ಟೈಪ್ ಮಾಡಿ. ಈ ನಾಲ್ಕು ಸರಿಯಾಗಿ ಬಂದರೆ ಮುಂದಿನ ಮಾತು. ಜನ ಸೇರಿ ಬೆಳೆಸಿದ್ದು ನಿಲ್ಲುವುದಿಲ್ಲ ಅನ್ನುವವರಿಗೆ ಮೂರು ಆಯಾಮದ ಚಿತ್ರ ಮಾಡುವ ಬ್ಲೆಂಡರ್ ತೋರಿಸಿ. 2002ರಲ್ಲಿ ಬಳಕೆದಾರರು ಏಳೇ ವಾರದಲ್ಲಿ ಒಂದು ಲಕ್ಷ ಯೂರೋ ಕೂಡಿಸಿ, ಹಣ ಹೂಡಿದ್ದವರ ಕೈಯಿಂದ ಅದನ್ನು ಬಿಡಿಸಿಕೊಂಡರು. ಇವತ್ತಿಗೂ ಅದು ಬೆಳೆಯುತ್ತಿದೆ.

ಚಂದಾದಲ್ಲೇ ಇರುತ್ತೀರಾದರೆ ಒಂದು ರೂಢಿ ಮಾಡಿಕೊಳ್ಳಿ. ಕೆಲಸ ಮುಗಿದ ದಿನವೇ ಪಿಡಿಎಫ್ ತೆಗೆದಿಡಿ, ಬೇರೆ ಸಾಫ್ಟ್‌ವೇರ್ ಓದಬಲ್ಲ ರೂಪದಲ್ಲೊಂದು ಪ್ರತಿ ಇಡಿ, ಪಠ್ಯವನ್ನು ಯುನಿಕೋಡ್‌ನಲ್ಲಿ ಬೇರೆ ಇಡಿ. ನಿಲ್ಲಿಸುವ ಮೊದಲು ಷರತ್ತು ಓದಿ. ವರ್ಷದ ಒಪ್ಪಂದವನ್ನು ನಡುವೆ ಮುರಿದರೆ ಕೆಲವರು ದಂಡ ಹಾಕುತ್ತಾರೆ. ಈ ದಂಡವನ್ನು ಮುಚ್ಚಿಟ್ಟಿದ್ದಾರೆ ಎಂದು, ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಹೇಳಿದ ಮೇಲೆ, ಅಮೆರಿಕದ ನ್ಯಾಯ ಇಲಾಖೆ 2024ರ ಜೂನ್‌ನಲ್ಲಿ ಅಡೋಬಿ ಮೇಲೆ ದಾವೆ ಹೂಡಿತು.

ಇನ್ನು ನಿಮ್ಮ ಗಿರಾಕಿಯ ವಿಷಯ. ನೀವು ಹೇಳಿದ ಸಾಫ್ಟ್‌ವೇರ್‌ನ ಚಂದಾ ನಮ್ಮ ಕಚೇರಿಯಲ್ಲಿ ಈ ತಿಂಗಳ ಕೊನೆಯವರೆಗೂ ಇದೆ. ಆ ಲಗ್ನಪತ್ರಿಕೆಯ ಫೈಲನ್ನೂ ಅದರ ಫಾಂಟುಗಳನ್ನೂ ಪೆನ್‌ಡ್ರೈವ್‌ಗೆ ಹಾಕಿ ಅಂಚೆಯಲ್ಲಿ ಕಳಿಸಿ. ತೆರೆದು, ನಿಮಗೆ ಬೇಕಾದ ರೂಪದಲ್ಲಿ ಉಳಿಸಿ, ಮರುದಿನವೇ ವಾಪಸ್ ಕಳಿಸುತ್ತೇವೆ. ಹಳೆಯ ಬೇರೆ ಫೈಲುಗಳಿದ್ದರೆ ಅವನ್ನೂ ಹಾಕಿ.

– ಸಂಪಾದಕ