ಟೆರೆಜಿನ್ ಬಗ್ಗೆ ನಾಟಕ ಆಡಿಸುವಾಗ ಮೊದಲೇ ಇತಿಹಾಸ ವಿವರಿಸಬೇಕಾ?

ನಮ್ಮ ಪ್ರೇಕ್ಷಕರಿಗೆ ಈ ಕಥೆ ಗೊತ್ತಿಲ್ಲ, ಶುರುವಿಗೆ ನಿರೂಪಕ ಬೇಕಾ, ಸ್ಲೈಡ್ ಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಮ್ಮ ಹವ್ಯಾಸಿ ತಂಡದಲ್ಲಿ ಇದೇ ಟೆರೆಜಿನ್ ನಾಟಕ ಕಟ್ಟಿದಾಗ ನಾನು ಎರಡನ್ನೂ ಇಟ್ಟಿದ್ದೆ.

ಬೇರೆ ಓದುಗರಿಗಾಗಿ ಸ್ವಲ್ಪ ಹೇಳುತ್ತೇನೆ. ಟೆರೆಜಿನ್ ಈಗಿನ ಚೆಕ್ ದೇಶದ ಒಂದು ಕೋಟೆ ಊರು. ನಾಜಿಗಳು ಅಲ್ಲಿ ಯಹೂದ್ಯರನ್ನು ಕೂಡಿಹಾಕಿದ್ದರು. ಡೆನ್ಮಾರ್ಕ್‌ನವರು ಅಲ್ಲಿ ಸೆರೆಯಾಗಿದ್ದ ತಮ್ಮ ದೇಶದ ಯಹೂದ್ಯರ ಗತಿ ಏನಾಯಿತು ಅಂತ ಬೆನ್ನು ಬಿಡದೆ ಕೇಳಿದರು. ಕೊನೆಗೆ 1944ರ ಜೂನ್ 23ರಂದು ರೆಡ್ ಕ್ರಾಸ್‌ನ ಮಾರಿಸ್ ರೊಸೆಲ್, ಜೊತೆಗೆ ಇಬ್ಬರು ಡೇನಿಶ್ ಅಧಿಕಾರಿಗಳು ನೋಡಲು ಬಂದರು. ಅವರು ಬರುವ ಮೊದಲೇ ಗೋಡೆಗೆ ಬಣ್ಣ ಬಿತ್ತು, ಹೂಗಿಡ ನೆಟ್ಟಾಯಿತು, ಮಕ್ಕಳ ಆಟದ ಜಾಗ ಬಂತು. ಜನ ಜಾಸ್ತಿ ಕಾಣಬಾರದು ಅಂತ ಮೇ ತಿಂಗಳಲ್ಲಿ ಸುಮಾರು 7,500 ಜನರನ್ನು ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಜ್‌ಗೆ ಸಾಗಿಸಿದರು. ಸೆರೆಯಲ್ಲಿದ್ದ ಯಹೂದ್ಯರಿಗೆ ಮುಖ್ಯಸ್ಥ ಅಂತ ನಾಜಿಗಳೇ ನೇಮಿಸಿದ್ದ ಪಾಲ್ ಎಪ್‌ಸ್ಟೈನ್ ಅವರಿಗೆ ಸೂಟು ಹ್ಯಾಟು ತೊಡಿಸಿ, ಕಾರು ಕೊಟ್ಟು, ನಾಜಿ ಪಡೆಯಾದ ಎಸ್‌ಎಸ್‌ನವನನ್ನೇ ಡ್ರೈವರ್ ಮಾಡಿದರು. ರೊಸೆಲ್ ಒಳ್ಳೆಯ ವರದಿ ಬರೆದ. ಸೆಪ್ಟೆಂಬರ್‌ನಲ್ಲಿ ಎಪ್‌ಸ್ಟೈನ್ ಅವರನ್ನು ಗುಂಡಿಟ್ಟು ಕೊಂದರು.

ನಾನು ಮಾಡಿದ್ದೇನು ಗೊತ್ತಾ? ಪರದೆ ಏಳುವ ಮೊದಲೇ ಹೆಣಗಳ ಫೋಟೊ ತೋರಿಸಿದೆ. ಅದು ಸಾಲದು ಅಂತ ನಟರಿಗೂ ಹೇಳಿಕೊಟ್ಟೆ: ಮಾತು ತಡವರಿಸಿ, ಕೈ ನಡುಗಿಸಿ, ಓರೆಗಣ್ಣಲ್ಲಿ ಪ್ರೇಕ್ಷಕರನ್ನು ನೋಡಿ. ಎಲ್ಲವೂ ಸುಳ್ಳು ಅಂತ ಜನಕ್ಕೆ ತಿಳಿಯಲಿ ಅನ್ನುವ ಆಸೆ. ತಿಳಿಯಿತು, ಜಾಸ್ತಿಯೇ ತಿಳಿಯಿತು. ರೊಸೆಲ್ ರಂಗಕ್ಕೆ ಬಂದ ಕೂಡಲೇ ನಗು. ಅವನು ಹೂಗಿಡ ಹೊಗಳಿದರೆ ನಗು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೂ ನಗು. ಎಂಥ ಪೆದ್ದ ನೋಡಿ ಅಂತ ಪಕ್ಕದವರಿಗೆ ಹೇಳಿಕೊಂಡು ನಕ್ಕರು. ಆ ನಗು ಮುಗಿದ ಮೇಲೆ ಯಾವ ಸಾವಿಗೂ ಭಾರ ಉಳಿಯಲಿಲ್ಲ. ಅರ್ಧ ಹಾಲ್ ಎದ್ದು ಹೋಯಿತು. ಮುಂದಿನ ಊರಿನ ಪ್ರದರ್ಶನವೂ ಕೈತಪ್ಪಿತು.

ಫೋಟೊ ನೋಡಿದವನು ಮೋಸ ಹೋಗಲಾರ. ಮೋಸ ಹೋಗದವನಿಗೆ ಈ ನಾಟಕದಲ್ಲಿ ಕೆಲಸವೇ ಇಲ್ಲ.

ನಮ್ಮ ಜನಕ್ಕೆ ಗೊತ್ತಿಲ್ಲ ಅನ್ನುವುದನ್ನು ನೀವು ತೊಂದರೆ ಅಂದುಕೊಂಡಿದ್ದೀರಿ. ನಿಮ್ಮ ಭಾಗ್ಯ ಅದು! ಯುರೋಪಿನ ಪ್ರೇಕ್ಷಕ ಎಲ್ಲ ಗೊತ್ತಿದ್ದೇ ಬಂದು ಕೂರುತ್ತಾನೆ. ನಿಮ್ಮವರು ರೊಸೆಲ್ ಬಂದ ಹಾಗೇ ಬರುತ್ತಾರೆ. ಊರು ಅವರಿಗೆ ಇಷ್ಟವಾಗಲಿ ಬಿಡಿ. ಅಂದು ಅತಿಥಿಗಳ ಎದುರು ಮಕ್ಕಳು, ಅಲ್ಲೇ ಸೆರೆಯಲ್ಲಿದ್ದ ಸಂಗೀತ ರಚನೆಕಾರ ಹಾನ್ಸ್ ಕ್ರಾಸಾ ಅವರ 'ಬ್ರುಂಡಿಬಾರ್' ಸಂಗೀತ ನಾಟಕ ಆಡಿದ್ದರು. ಆ ದೃಶ್ಯವನ್ನು ಚೆಂದವಾಗಿ, ಲವಲವಿಕೆಯಿಂದ ಆಡಿಸಿ. ಜನ ಚಪ್ಪಾಳೆ ಹೊಡೆಯಲಿ. ಶರತ್ಕಾಲದಲ್ಲಿ ಕ್ರಾಸಾ ಅವರನ್ನೂ ಆ ಮಕ್ಕಳಲ್ಲಿ ಬಹುಪಾಲು ಜನರನ್ನೂ ಆಶ್ವಿಟ್ಜ್‌ಗೆ ಕಳಿಸಿದ್ದು ಆಮೇಲೆ ಬರಲಿ, ಬರೀ ಮಾತಿನಲ್ಲಿ.

ಇನ್ನು ಪಾತ್ರ ಹಂಚುವಾಗ ರೊಸೆಲ್‌ನನ್ನು ಹಾಸ್ಯನಟನಿಗೆ ಕೊಡಬೇಡಿ. ದಶಕಗಳ ನಂತರ ಸಂದರ್ಶನವೊಂದರಲ್ಲಿ, ಆ ವರದಿಗೆ ಈಗಲೂ ಸಹಿ ಹಾಕುತ್ತೇನೆ ಅಂದ ಮನುಷ್ಯ ಅವನು. ತಂಡದಲ್ಲಿ ಎಲ್ಲರಿಗಿಂತ ಜಾಣನಾಗಿ ಕಾಣುವ ನಟ ಯಾರೋ, ಅವನಿಗೇ ಕೊಡಿ.