ಕ್ಲಿನಿಕ್ಕಿಗೆ ಮಳಿಗೆ ಇದೆ, ಕಾಲೇಜು ಯಾವುದು?

ಯಾವ ಕೋರ್ಸು, ಯಾವ ಕಾಲೇಜು ಅಂತ ಸಲಹೆ ಕೊಡುವುದು ನನ್ನ ಕೆಲಸ. ಮಂಡ್ಯ ಕಡೆಯ ಅಪ್ಪ, ಮಗಳು ಮೈಸೂರಿನ ನನ್ನ ಕೊಠಡಿಗೆ ಬಂದಾಗ ಹುಡುಗಿಯ ಪಿಯುಸಿ ಮುಗಿದಿತ್ತು. ಅವಳನ್ನು ಸವಿತಾ ಅನ್ನೋಣ. ಹೆಸರು, ಗುರುತು ಬದಲಿಸಿದ್ದೇನೆ.

ಫಿಸಿಯೋಥೆರಪಿ ಓದಬೇಕು ಅನ್ನೋದು ಅವಳದೇ ಆಸೆ. ಅಜ್ಜಿಗೆ ಲಕ್ವ ಹೊಡೆದಾಗ ಮನೆಗೆ ಬರುತ್ತಿದ್ದ ಫಿಸಿಯೋ ಒಬ್ಬರು ಅಜ್ಜಿಯನ್ನು ಮತ್ತೆ ಹಿತ್ತಿಲವರೆಗೆ ನಡೆಸಿದ್ದರು. ಅದನ್ನು ಅವಳು ದಿನಾ ನೋಡಿದ್ದಳು.

ಅಪ್ಪನ ಲೆಕ್ಕ ಬೇರೆ. "ನಮ್ಮುಡುಗಿ ಯಾರ ಕೈಕೆಳಗೂ ದುಡೀಬಾರ್ದು ಮೇಡಂ. ಮೇನ್ ರೋಡಲ್ಲಿ ಒಂದು ಮಳಿಗೆ ಐತೆ. ಓದಿ ಬಂದವಳೇ ಬೋರ್ಡ್ ಹಾಕ್ಬೇಕು."

ಎರಡು ಕಾಲೇಜುಗಳ ಪುಸ್ತಿಕೆ ತಂದಿದ್ದರು. ಮೈಸೂರಿನದು ಸಾದಾ. ಬೆಂಗಳೂರಿನದರ ಫೀಸು, ಹಾಸ್ಟೆಲ್ಲು ಸೇರಿ 8 ಲಕ್ಷ ಸಾಲ ಬೇಕು. ಬೆಂಗಳೂರು ಅಂದರೆ ಬೋರ್ಡಿಗೆ ತೂಕ ಎಂದು ಅಪ್ಪನ ನಂಬಿಕೆ. ಆದರೆ ಎರಡೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳೇ. ಸಿಲಬಸ್ ಒಂದೇ, ಪದವಿಯೂ ಒಂದೇ. ಮಂಡಿ ನೋವು ಅಂತ ಬರುವ ಅಜ್ಜಿ ಇಂಥ ಕಾಲೇಜಾ ಅಂತ ಕೇಳೋದಿಲ್ಲ ಅಲ್ವಾ?

ಕಾಗದ ತೆಗೆದು ಸಾಲದ ಲೆಕ್ಕ ಹಾಕಿದೆವು. ಆಗ ಕೋರ್ಸು ನಾಲ್ಕು ವರ್ಷ, ಮೇಲೆ ಆರು ತಿಂಗಳ ಇಂಟರ್ನ್‌ಶಿಪ್. ಓದು ಮುಗಿದು ಒಂದು ವರ್ಷದವರೆಗೆ ಕಂತು ಇರುವುದಿಲ್ಲ, ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ಶೇಕಡಾ 10.5 ಬಡ್ಡಿ, ಹತ್ತು ವರ್ಷದ ಅವಧಿ ಅಂದರೂ ಕಂತು ತಿಂಗಳಿಗೆ 15,000 ದಾಟುತ್ತದೆ. ಕ್ಲಿನಿಕ್ಕಿಗೆ ನಾಲ್ಕು ಜನ ಬರಲಿ, ಬಾರದಿರಲಿ, ಅದು ಕಟ್ಟಲೇಬೇಕು. ಇನ್ನೊಂದು ವಿಷಯ ಅವರಿಗೆ ಹೊಳೆದಿರಲಿಲ್ಲ. ಶಿಕ್ಷಣ ಸಾಲ 7.5 ಲಕ್ಷ ಮೀರಿದರೆ ಬ್ಯಾಂಕು ಆಸ್ತಿ ಆಧಾರ ಕೇಳುತ್ತದೆ. ಇವರ ಹತ್ತಿರ ಇದ್ದದ್ದು ಆ ಮಳಿಗೆ ಒಂದೇ. ಕ್ಲಿನಿಕ್ ಹಾಕಬೇಕಾದ ಜಾಗವನ್ನೇ ಅಡ ಇಡಬೇಕು! ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸವಿತಾಗೆ ಒಂದು ಕೆಲಸ ಕೊಟ್ಟೆ. ಎರಡೂ ಕಡೆ ಹೋಗು, ಕಟ್ಟಡ ನೋಡಬೇಡ. ಪ್ರಿನ್ಸಿಪಾಲರನ್ನೂ ಕೇಳಬೇಡ. ಕ್ಯಾಂಟೀನಿನಲ್ಲಿ ಇಂಟರ್ನ್‌ಗಳನ್ನು ಹಿಡಿದು ಕೇಳು: ದಿನಕ್ಕೆ ಎಷ್ಟು ರೋಗಿಗಳನ್ನು ನೀವೇ ಮುಟ್ಟಿ ನೋಡುತ್ತೀರಿ? ಮೂಳೆ ವಾರ್ಡು, ನರದ ವಾರ್ಡು, ಐಸಿಯು ಎಲ್ಲ ಕಡೆ ಹಾಕುತ್ತಾರಾ? ಅಥವಾ ಸುಮ್ನೆ ರಿಜಿಸ್ಟರ್ ಬರೆಸುತ್ತಾರಾ?

ಹದಿನೈದು ದಿನ ಬಿಟ್ಟು ಅವಳೊಬ್ಬಳೇ ಬಂದಳು. ಬೆಂಗಳೂರಿನಲ್ಲಿ ಕಾಲೇಜಿಗೆ ಸ್ವಂತ ಆಸ್ಪತ್ರೆ ಇಲ್ಲ, ಎಲ್ಲೆಲ್ಲೋ ಕಳಿಸುತ್ತಾರಂತೆ. ಮೈಸೂರಿನಲ್ಲಿ ಬೆಳಿಗ್ಗೆಯೇ ಒಪಿಡಿ ತುಂಬಿತ್ತು. "ಒಬ್ಬ ಅಕ್ಕ ನನ್ನ ಜೊತೆ ಮಾತಾಡೋಕೂ ಪುರುಸೊತ್ತಿಲ್ಲ ಅಂದ್ರು" ಎಂದು ನಕ್ಕಳು. ನನಗೆ ಬೇಕಿದ್ದ ಉತ್ತರ ಅದೇ.

ಇನ್ನೊಂದು ಕಾರಣಕ್ಕೂ ನಾನು ಮೈಸೂರನ್ನೇ ಹೇಳಿದೆ. ಕಬ್ಬು ಕಡಿದು ಸೊಂಟ ಹಿಡಿದವರು, ನಾಟಿ ಹಾಕಿ ಬೆನ್ನು ನೋವು ಬಂದವರು ನೇರವಾಗಿ ಫಿಸಿಯೋ ಹತ್ತಿರ ಬರುವುದು ಕಡಿಮೆ. ಮೊದಲು ಮೂಳೆ ಡಾಕ್ಟರ್ ಹತ್ತಿರ ಹೋಗುತ್ತಾರೆ. ಅವರು ಚೀಟಿ ಬರೆದರೆ ಇವಳಿಗೆ ಕೆಲಸ. ಇಲ್ಲೇ ಓದಿದರೆ ಆ ಡಾಕ್ಟರುಗಳು ಅವಳ ಕೆಲಸ ಕಣ್ಣಾರೆ ನೋಡಿರುತ್ತಾರೆ.

ಆಮೇಲೆ ಅಪ್ಪನೂ ಬಂದಾಗ, ಓದಿದ ತಕ್ಷಣ ಬೋರ್ಡ್ ಬೇಡ, ಎರಡು ವರ್ಷ ಆಸ್ಪತ್ರೆಯಲ್ಲಿ ದುಡಿಯಲಿ ಅಂದೆ. ಅಪ್ಪನಿಗೆ ಇದು ಹಿಡಿಸಲಿಲ್ಲ, ಈಗಲೂ ಹಿಡಿಸಿಲ್ಲ ಅನಿಸುತ್ತದೆ. ಕ್ಲಿನಿಕ್ ತೆರೆಯಲು ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು, ಅದರ ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿಯೇ ಅಧ್ಯಕ್ಷರು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು ಎಂದಾಗ "ಬೋರ್ಡ್ ಹಾಕೋಕೂ ಪರ್ಮಿಷನ್ನಾ?" ಎಂದು ಗೊಣಗಿದರು. ಕೊನೆಗೆ ಮಳಿಗೆ ಹೇಗಿದೆ ಅಂತ ಕೇಳಿದೆ. ಚರಂಡಿ ದಾಟಿ ನಾಲ್ಕು ಮೆಟ್ಟಿಲು ಹತ್ತಬೇಕಂತೆ. "ಅಪ್ಪಾ, ಮಂಡಿ ನೋವಿನೋರು ಹೆಂಗೆ ಹತ್ತುತ್ತಾರೆ?" ಅಂದಳು ಮಗಳು.

ಸವಿತಾ ಈಗ ಮೈಸೂರಿನಲ್ಲಿ ಮೂರನೇ ವರ್ಷ. ಮಳಿಗೆಯನ್ನು ಗೊಬ್ಬರದ ಅಂಗಡಿಗೆ ಬಾಡಿಗೆಗೆ ಕೊಟ್ಟಿದ್ದಾರೆ, ಆ ದುಡ್ಡು ಅವಳ ಹಾಸ್ಟೆಲ್ಲಿಗೆ. ಕರಾರು ಮಾತ್ರ ಪ್ರತಿ ಸಲ ಹನ್ನೊಂದೇ ತಿಂಗಳಿಗೆ. ಹೋದ ದೀಪಾವಳಿಗೆ ಅಪ್ಪ ಮೆಟ್ಟಿಲ ಪಕ್ಕ ಸಿಮೆಂಟಿನ ಇಳಿಜಾರು ಹಾಕಿಸಿದರಂತೆ. ಮೂಟೆ ಇಳಿಸೋಕೆ ಸಲೀಸಾಯ್ತು ಅಂತ ಅಂಗಡಿಯವನಿಗೆ ಖುಷಿ.