ಚುಚ್ಚಿಕೊಂಡರೆ ಸ್ನಾಯು ಬೆಳೆಯುತ್ತದೆಯೆ?

ಆರೋಗ್ಯ ಪ್ರಶ್ನೋತ್ತರ. ಈ ಸಲ ಸ್ನಾಯು ಬೆಳೆಸುತ್ತದೆ ಎಂದು ಹೇಳುವ ಫಾಲಿಸ್ಟಾಟಿನ್ ಎಂಬ ಪ್ರೋಟೀನಿನ ಬಗ್ಗೆ ಬಂದ ಪ್ರಶ್ನೆಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ನನಗೆ 26 ವರ್ಷ. ‘ಫಾಲಿಸ್ಟಾಟಿನ್ 344’ ಎಂಬ 1 ಮಿಲಿಗ್ರಾಂ ಪುಡಿಯ ವಯಲ್ ತರಿಸಿಕೊಡುತ್ತೇನೆ, ದಿನಕ್ಕೆ 100 ಮೈಕ್ರೋಗ್ರಾಂನಂತೆ ಹತ್ತು ದಿನ ಚುಚ್ಚಿಕೋ ಎಂದು ಜಿಮ್ ಟ್ರೈನರ್ ಹೇಳುತ್ತಿದ್ದಾರೆ. ಸ್ಟೀರಾಯ್ಡ್ ಅಲ್ಲವಂತೆ. ತೆಗೆದುಕೊಳ್ಳಬಹುದೆ? (ವಿಜಯನಗರ)

ಬೇಡ. ಸ್ಟೀರಾಯ್ಡ್ ಅಲ್ಲ ಎಂಬ ಮಾತಷ್ಟೇ ನಿಜ.

ಸ್ನಾಯು ಅತಿಯಾಗಿ ಬೆಳೆಯದಂತೆ ತಡೆಯುವ ಮಯೋಸ್ಟಾಟಿನ್ ಎಂಬ ಪ್ರೋಟೀನು ನಮ್ಮ ಮೈಯಲ್ಲೇ ಇದೆ. ಫಾಲಿಸ್ಟಾಟಿನ್ ಅದನ್ನು ಹಿಡಿದು ಕಟ್ಟಿಹಾಕುತ್ತದೆ. 2001ರಲ್ಲಿ ಸೆ-ಜಿನ್ ಲೀ ಮತ್ತು ಅಲೆಕ್ಸಾಂಡ್ರಾ ಮ್ಯಾಕ್‌ಫೆರಾನ್ ತೋರಿಸಿದ ದಪ್ಪ ಸ್ನಾಯುವಿನ ಇಲಿಗಳ ಚಿತ್ರವೇ ಇಂದಿಗೂ ಜಾಹೀರಾತುಗಳಲ್ಲಿ ಓಡಾಡುತ್ತಿದೆ. ಆದರೆ ಆ ಇಲಿಗಳಿಗೆ ಯಾರೂ ಇಂಜೆಕ್ಷನ್ ಕೊಟ್ಟಿರಲಿಲ್ಲ. ಅವುಗಳ ಸ್ನಾಯುವೇ ಹುಟ್ಟುವ ಮೊದಲಿನಿಂದ ಫಾಲಿಸ್ಟಾಟಿನ್ ತಯಾರಿಸುವಂತೆ ಜೀನ್ ಸೇರಿಸಿದ್ದರು. ಹತ್ತು ದಿನದ ಚುಚ್ಚುಮದ್ದಿಗೂ ಅದಕ್ಕೂ ಹೋಲಿಕೆಯೇ ಇಲ್ಲ.

344 ಎಂಬ ಅಂಕಿಯನ್ನೇ ನೋಡಿ. ಜೀವಕೋಶ ಮೊದಲು ಕಟ್ಟುವ ಸರಪಳಿಯಲ್ಲಿ 344 ಅಮೈನೋ ಆಮ್ಲಗಳಿರುತ್ತವೆ. ಹೊರಗೆ ಬಿಡುವ ಮೊದಲು ಆರಂಭದ 29ನ್ನು ಕತ್ತರಿಸಿ ಹಾಕುತ್ತದೆ. ರಕ್ತದಲ್ಲಿ ತಿರುಗುವುದು 315ರ ರೂಪ. ಅಂದರೆ ಲೇಬಲ್ಲಿನಲ್ಲಿರುವುದು ಕೆಲಸ ಮಾಡುವ ಪ್ರೋಟೀನಿನ ಹೆಸರೇ ಅಲ್ಲ. ಇನ್ನು ಇದು ಚಿಕ್ಕ ಪೆಪ್ಟೈಡ್ ಅಲ್ಲ, ಹಲವು ಗಂಧಕದ ಕೊಂಡಿಗಳಿಂದ ಸರಿಯಾಗಿ ಮಡಚಿಕೊಂಡರೆ ಮಾತ್ರ ಕೆಲಸ ಮಾಡುವ ದೊಡ್ಡ ಪ್ರೋಟೀನು. ಬಿಸಿಲಲ್ಲಿ ಸುತ್ತಿ ಕೊರಿಯರ್‌ನಲ್ಲಿ ಬಂದ ವಯಲ್‌ಗೆ ನೀರು ಹಾಕಿ ಜೋರಾಗಿ ಅಲುಗಾಡಿಸಿದರೆ ಅದು ಗಂಟು ಕಟ್ಟಬಹುದು. ಅಂಥ ಗಂಟುಗಳ ವಿರುದ್ಧ ಮೈ ಪ್ರತಿಕಾಯ ಬೆಳೆಸಿಕೊಳ್ಳುವ ಅಪಾಯವಿದೆ. ಶುದ್ಧೀಕರಣ ಸರಿಯಿಲ್ಲದಿದ್ದರೆ ಉಳಿದ ಬ್ಯಾಕ್ಟೀರಿಯಾದ ವಿಷದಿಂದ ಚಳಿಜ್ವರವೂ ಬರುತ್ತದೆ.

ಒಂದು ವೇಳೆ ಅಸಲಿಯೇ ಸಿಕ್ಕಿತು ಅನ್ನಿ. ಆಗಲೇ ಹೆಚ್ಚು ಯೋಚಿಸಬೇಕು. ಫಾಲಿಸ್ಟಾಟಿನ್ ಎಲ್ಲಕ್ಕಿಂತ ಬಿಗಿಯಾಗಿ ಹಿಡಿಯುವುದು ಮಯೋಸ್ಟಾಟಿನ್ನನ್ನಲ್ಲ, ಎಫ್‌ಎಸ್‌ಎಚ್ ಹಾರ್ಮೋನನ್ನು ಹೆಚ್ಚಿಸುವ ಆಕ್ಟಿವಿನ್ ಎಂಬ ಪ್ರೋಟೀನನ್ನು. 1987ರಲ್ಲಿ ಅಂಡಕೋಶಿಕೆಯ ದ್ರವದಲ್ಲಿ ಇದು ಪತ್ತೆಯಾಗಿದ್ದೇ ಮಿದುಳಿನಡಿಯ ಪಿಟ್ಯುಟರಿ ಗ್ರಂಥಿಯ ಈ ಎಫ್‌ಎಸ್‌ಎಚ್ ಹಾರ್ಮೋನನ್ನು ತಗ್ಗಿಸುವ ಗುಣದಿಂದ. ಗಂಡಸರಲ್ಲಿ ವೀರ್ಯಾಣು ತಯಾರಿಗೆ ಬೇಕಾದ ಹಾರ್ಮೋನೂ ಅದೇ. ಇದೇ ದಾರಿಯಲ್ಲಿ ಮಯೋಸ್ಟಾಟಿನ್, ಆಕ್ಟಿವಿನ್ ಎರಡನ್ನೂ ತಡೆಯುವ ಎಸಿಇ-031 ಔಷಧವನ್ನು ಡ್ಯೂಷೆನ್ ಎಂಬ ಸ್ನಾಯು ಕ್ಷಯಿಸುವ ಕಾಯಿಲೆಯ ಹುಡುಗರಿಗೆ ಕೊಟ್ಟಾಗ ಮೂಗಿನಿಂದ ರಕ್ತ ಬಂತು, ಚರ್ಮದ ಕಿರುನಾಳಗಳು ಹಿಗ್ಗಿದವು, ಪ್ರಯೋಗವನ್ನೇ ನಿಲ್ಲಿಸಿದರು. ಸ್ಪರ್ಧೆಗೆ ಇಳಿಯುವವರಾದರೆ ಇನ್ನೊಂದು ವಿಷಯ: ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಪಟ್ಟಿಯಲ್ಲಿ ಫಾಲಿಸ್ಟಾಟಿನ್ ಸ್ಪರ್ಧೆಯ ದಿನ ಮಾತ್ರವಲ್ಲ, ಸದಾಕಾಲ ನಿಷಿದ್ಧ.

ಈಗಾಗಲೇ ಚುಚ್ಚಿಕೊಂಡಿದ್ದರೆ ನಿಲ್ಲಿಸಿ, ವಯಲ್ ಎಸೆಯದೆ ಎಂಡೋಕ್ರೈನಾಲಜಿಸ್ಟ್‌ಗೆ (ಹಾರ್ಮೋನು ತಜ್ಞರಿಗೆ) ತೋರಿಸಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎಫ್‌ಎಸ್‌ಎಚ್, ಎಲ್‌ಎಚ್, ಟೆಸ್ಟೋಸ್ಟೆರಾನ್ ನೋಡಿಸಿ. ವೀರ್ಯ ಪರೀಕ್ಷೆ ಮೊದಲ ವಾರದಲ್ಲಿ ಸರಿ ಬಂದರೂ ಸುಮಾರು ಮೂರು ತಿಂಗಳ ನಂತರ ಮತ್ತೆ ಮಾಡಿಸಬೇಕು. ವೀರ್ಯಾಣು ತಯಾರಾಗಿ ಹೊರಬರಲು ಅಷ್ಟು ಕಾಲ ಬೇಕು.

ನನ್ನ ಮಗನಿಗೆ ಏಳು ವರ್ಷ, ಡ್ಯೂಷೆನ್ ಇದೆ. ಫಾಲಿಸ್ಟಾಟಿನ್ ಜೀನ್ ಚಿಕಿತ್ಸೆ ಬೆಂಗಳೂರಿನಲ್ಲಿ ಸಿಗುತ್ತದೆಯೆ? (ಪೀಣ್ಯ)

ಇಲ್ಲಮ್ಮ. ಪ್ರಯೋಗಗಳು ನಡೆದಿರುವುದು ನಿಜ. ಡ್ಯೂಷೆನ್‌ಗಿಂತ ಸೌಮ್ಯವಾದ ಬೆಕರ್ ಕಾಯಿಲೆಯ ಆರು ಮಂದಿಯ ತೊಡೆಗೆ ವೈರಸ್ ವಾಹಕದ ಮೂಲಕ ಈ ಜೀನ್ ಕೊಟ್ಟ ಫಲಿತಾಂಶ 2015ರಲ್ಲಿ ಬಂತು. ಕೆಲವರು ಆರು ನಿಮಿಷದಲ್ಲಿ ಹೆಚ್ಚು ದೂರ ನಡೆದರು. ಹೋಲಿಸಿ ನೋಡಲು ಹುಸಿಮದ್ದಿನ ಗುಂಪು ಇರಲಿಲ್ಲ. ಇದು ಸ್ನಾಯುವನ್ನು ಹಿಗ್ಗಿಸಬಹುದೇ ಹೊರತು ಈ ಕಾಯಿಲೆಯಲ್ಲಿ ಇಲ್ಲದ ಡಿಸ್ಟ್ರೋಫಿನ್ ಎಂಬ ಸ್ನಾಯುವಿನ ಪ್ರೋಟೀನನ್ನು ತಂದುಕೊಡುವುದಿಲ್ಲ. ಎಲ್ಲೋ ಹೊರದೇಶದ ಖಾಸಗಿ ಕ್ಲಿನಿಕ್ ಹಣ ಕೇಳಿದರೆ ಕೊಡಬೇಡಿ. ಒಮ್ಮೆ ಆ ವೈರಸ್ ವಾಹಕ ಮೈಗೆ ಹೋದರೆ ಪ್ರತಿಕಾಯ ಹುಟ್ಟುತ್ತದೆ. ಮುಂದೆ ನಿಜವಾದ ಜೀನ್ ಚಿಕಿತ್ಸೆ ಬಂದಾಗ ಮಗು ಅನರ್ಹವಾಗಬಹುದು.

ಕೈಯಲ್ಲಿರುವ ಕೆಲಸ ಹೇಳುತ್ತೇವೆ. ಜೀನ್ ವರದಿ ಇಲ್ಲದಿದ್ದರೆ ಮೊದಲು ಎಂಎಲ್‌ಪಿಎ ಎಂಬ ಜೀನ್ ಪರೀಕ್ಷೆ, ಅದರಲ್ಲಿ ಸಿಗದಿದ್ದರೆ ಸೀಕ್ವೆನ್ಸಿಂಗ್. ಯಾವ ಎಕ್ಸಾನ್ (ಜೀನಿನ ತುಣುಕು) ಹೋಗಿದೆ ಎಂಬ ಕಾಗದವನ್ನು ಜೋಪಾನ ಮಾಡಿ. ನಿಮ್ಹಾನ್ಸ್‌ನಲ್ಲಿ ಇಂಥ ಮಕ್ಕಳನ್ನು ನೋಡುವ ನರಸ್ನಾಯು ತಜ್ಞರಿದ್ದಾರೆ. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ನೆರವಿಗೆ ನಗರದ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಲ್ಲಿ ವಿಚಾರಿಸಿ. ಈ ಕಾಯಿಲೆಗೆ ಕೊಡುವ (ಜಿಮ್ಮಿನದಲ್ಲದ) ಸ್ಟೀರಾಯ್ಡ್‌ನ ರೂಢಿಯ ಪ್ರಮಾಣ ದಿನಕ್ಕೆ ಕೆಜಿ ತೂಕಕ್ಕೆ ಪ್ರೆಡ್ನಿಸೊಲೋನ್ 0.75 ಮಿಲಿಗ್ರಾಂ ಅಥವಾ ಡೆಫ್ಲಾಜಕಾರ್ಟ್ 0.9 ಮಿಲಿಗ್ರಾಂ, ಶುರುಮಾಡುವ ಮೊದಲೇ ಸೀತಾಳೆ ಸಿಡುಬಿನ ಲಸಿಕೆ ಆಗಿರಲಿ. ಮಾತ್ರೆಯನ್ನು ಎಂದೂ ದಿಢೀರ್ ನಿಲ್ಲಿಸಬಾರದು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ವರ್ಷಕ್ಕೊಮ್ಮೆ ಹೃದಯದ ಎಕೋ, ದಿನವೂ ಹಿಮ್ಮಡಿ ಎಳೆತದ ವ್ಯಾಯಾಮ. ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ವೈದ್ಯರಿಗೆ ಕಾಯಿಲೆಯ ಹೆಸರು ಹೇಳಲೇಬೇಕು; ಅರಿವಳಿಕೆಯಲ್ಲಿ ಸ್ನಾಯು ಸಡಿಲಿಸಲು ಬಳಸುವ ಸಕ್ಸಿನೈಲ್‌ಕೋಲಿನ್ ಈ ಮಕ್ಕಳಿಗೆ ಪ್ರಾಣಾಪಾಯ ತರಬಲ್ಲದು.

ವ್ಯಾಯಾಮದಿಂದ ಫಾಲಿಸ್ಟಾಟಿನ್ ಏರುತ್ತದೆ, ಒಳ್ಳೆಯದು ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರಲ್ಲಿ ಅದು ಜಾಸ್ತಿ ಎಂದೂ ಓದಿದೆ. ಯಾವುದು ಸರಿ? (ಬಸವನಗುಡಿ)

ಎರಡೂ. ರಕ್ತಕ್ಕೆ ಅದನ್ನು ಬಿಡುವುದು ಮುಖ್ಯವಾಗಿ ಯಕೃತ್ತು. ವ್ಯಾಯಾಮದಲ್ಲಿ ರಕ್ತದ ಸಕ್ಕರೆ ಏರಿಸುವ ಗ್ಲುಕಗಾನ್ ಹಾರ್ಮೋನು ಏರಿ ಇನ್ಸುಲಿನ್ ಇಳಿಯುತ್ತದೆ. ಆ ಸೂಚನೆಗೆ ಫಾಲಿಸ್ಟಾಟಿನ್ ವ್ಯಾಯಾಮ ಮುಗಿದ ಮೇಲಿನ ಗಂಟೆಗಳಲ್ಲಿ ಏರಿ ಮತ್ತೆ ಇಳಿಯುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಅದು ಮೇಲೆಯೇ ನಿಂತಿರುತ್ತದೆ. ರಕ್ತದಲ್ಲಿ ಇದು ಹೆಚ್ಚಿರುವವರಿಗೆ ಮುಂದೆ ಟೈಪ್ 2 ಬರುವ ಸಂಭವ ಹೆಚ್ಚು ಎಂದು 2021ರ ಅಧ್ಯಯನವೊಂದು ತೋರಿಸಿತು. ಹಾಗೆಂದು ಇದನ್ನು ಅಳೆಸಲು ಹೋಗಬೇಡಿ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ), ಸೊಂಟದ ಸುತ್ತಳತೆ, ಯಕೃತ್ತಿನ ಕೊಬ್ಬು ಸಾಕು.

ಗಾಯ ಬೇಗ ಮಾಯಲು ಇದು ನೆರವಾಗುತ್ತದೆಯೆ? (ಯಲಹಂಕ)

ಇಲಿಗಳಲ್ಲಿ ಕಂಡದ್ದು ತಿರುವುಮುರುವು. ಚರ್ಮದಲ್ಲಿ ಫಾಲಿಸ್ಟಾಟಿನ್ ಹೆಚ್ಚಿಸಿದಾಗ ಗಾಯ ತಡವಾಗಿ ಮಾಯಿತು, ಕಲೆ ಮಾತ್ರ ಚಿಕ್ಕದಾಯಿತು. ಗಾಯ ತುಂಬಲು ಆಕ್ಟಿವಿನ್ ಬೇಕು, ಕಲೆ ದಪ್ಪವಾಗುವುದೂ ಅದರಿಂದಲೇ. ಯಕೃತ್ತಿನಲ್ಲಿ ಕತೆ ಬೇರೆ: ಅಲ್ಲಿ ಆಕ್ಟಿವಿನ್ ಕೋಶಗಳ ಬೆಳವಣಿಗೆಗೆ ತಡೆ, ಹಾಗಾಗಿ ಭಾಗಶಃ ಕತ್ತರಿಸಿದ ಯಕೃತ್ತು ಫಾಲಿಸ್ಟಾಟಿನ್ ಕೊಟ್ಟಾಗ ಬೇಗ ಬೆಳೆಯಿತು. ಮನುಷ್ಯರ ಗಾಯಕ್ಕೆ ಹಚ್ಚುವ ಮುಲಾಮು ಯಾವುದೂ ಇಲ್ಲ.

ಹಸಿ ಮೊಟ್ಟೆಯ ಹಳದಿಯಲ್ಲಿ ಇದು ಇದೆಯಂತೆ? (ಮಲ್ಲೇಶ್ವರ, 68 ವರ್ಷ)

ಇದ್ದರೂ ಹೊಟ್ಟೆಯಲ್ಲಿ ಬೇರೆ ಪ್ರೋಟೀನಿನಂತೆಯೇ ಜೀರ್ಣವಾಗಿಬಿಡುತ್ತದೆ. ಹಸಿಯಾಗಿ ಕುಡಿದರೆ ಸಾಲ್ಮೊನೆಲ್ಲಾ ಭಯ ಬೇರೆ. ಬೇಯಿಸಿ ತಿನ್ನಿ, ಒಂದು ಮೊಟ್ಟೆಯಿಂದ ಸುಮಾರು 6 ಗ್ರಾಂ ಪ್ರೋಟೀನ್ ಸಿಗುತ್ತದೆ. ಮೂತ್ರಪಿಂಡ ಚೆನ್ನಾಗಿದ್ದರೆ ನಿಮ್ಮ ವಯಸ್ಸಿಗೆ ದಿನಕ್ಕೆ ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಬೇಕು. ಹುರುಳಿ ಸಾರು, ಮೊಸರು, ಬೇಳೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಜೊತೆಗೆ ವಾರಕ್ಕೆ ಎರಡು ಮೂರು ದಿನ, ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ.